ಫೋನಿಗೆ ಮುಖ ತೋರ್ಸಿ ಲೈಫ್ ಸರ್ಟಿಫಿಕೇಟ್ ಕೊಡೋದು ಹೇಗೆ

ನವೆಂಬರ್ ಅಂದ್ರೆ ನಮ್ಮ ಕೊಡಗಲ್ಲಿ ಅರೇಬಿಕಾ ಹಣ್ಣಾಗೋ ಟೈಮು, ಪುತ್ತರಿ ಹಬ್ಬ ಯಾವತ್ತು ಅಂತ ವಿಚಾರಿಸೋ ಟೈಮು, ಮನೇಲಿ ಮಿಲಿಟ್ರಿಯಿಂದ ರಿಟೈರ್ ಆದವ್ರು ಇದ್ರೆ ಇವೆರಡ್ರ ಮಧ್ಯ ‘ಲೈಫ್ ಸರ್ಟಿಫಿಕೇಟ್ ಆಯ್ತಾ’ ಅನ್ನೋ ತಲೆಬಿಸಿನೂ ಸೇರ್ಕೊಳುತ್ತೆ. ಮಿಲಿಟ್ರಿ ಪಿಂಚಣಿ ಬರೋ ಮನೆ ಇಲ್ಲದ ಊರು ನಮ್ಮ ಜಿಲ್ಲೇಲಿ ಹುಡುಕಿದ್ರೂ ಸಿಗಲ್ಲ, ಹಂಗಾಗಿ ಇದು ಒಬ್ರಿಬ್ರ ಕತೆ ಅಲ್ಲ.

ಮುಂಚೆ ಬ್ಯಾಂಕಿಗೆ ಹೋಗಿ ಫಾರಂ ತುಂಬಿ ಸೈನ್ ಹಾಕಿ ‘ನಾನಿನ್ನೂ ಬದುಕಿದೀನಿ ಸ್ವಾಮಿ’ ಅಂತ ಹೇಳ್ಬೇಕಿತ್ತು. 2014ರ ನವೆಂಬರಲ್ಲಿ ಜೀವನ್ ಪ್ರಮಾಣ್ ಅಂತ ಕೇಂದ್ರದ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ಬಂತು, ಬೆರಳಚ್ಚು ಕೊಟ್ರೆ ಸಾಕು ಅಂದ್ರು. ಆದ್ರೆ ತೋಟದ ಕೆಲ್ಸ ಮಾಡಿದ ಕೈ ಗೊತ್ತಲ್ಲ, ಕತ್ತಿ ಹಿಡಿದು, ಮೆಣಸು ಉದುರಿಸಿ ರೇಖೆಗಳೆಲ್ಲ ಸವೆದು ಹೋಗಿರುತ್ತೆ, ಮೆಷಿನ್ ಮೇಲೆ ಹತ್ತು ಬೆರಳು ಒತ್ತಿದ್ರೂ ಕೆಂಪು ಲೈಟೇ. 2021ರ ನವೆಂಬರಲ್ಲಿ ಫೋನ್ ಕ್ಯಾಮೆರಾಗೆ ಮುಖ ತೋರ್ಸೋ ವ್ಯವಸ್ಥೆ ಶುರುವಾಯ್ತು. ಇದ್ರ ಹಿಂದೆ ಇರೋದು ಆಧಾರ್‌ನವ್ರೇ ಮಾಡ್ಕೊಂಡಿರೋ ಎಐ. ಸರ್ಕಾರದಲ್ಲಿ ಎಐ ಬಂತು ಅಂದ್ರೆ ಎಲ್ರೂ ರೋಬೋಟ್ ಕಲ್ಪನೆ ಮಾಡ್ಕೊತಾರೆ, ನಂಗೆ ಅನ್ಸೋದು ಅದು ಬಂದಿರೋದು ಹೀಗೆ, ಕೌಂಟರ್‌ನಲ್ಲಿ ಕೂತಿದ್ದ ಗುಮಾಸ್ತ ಮುಖ ನೋಡಿ ಹೂಂ ಅಂತಿದ್ದ ಜಾಗಕ್ಕೆ ಬಂದು ಕೂತಿದೆ ಅಷ್ಟೆ.

ಅದು ಮಾಡೋ ಕೆಲ್ಸ ಎರಡು. ಒಂದು, ಎದುರಿಗಿರೋದು ಜೀವಂತ ಮನುಷ್ಯನಾ ಇಲ್ಲ ಫೋಟೋನಾ ಅಂತ ನೋಡೋದು, ಅದಕ್ಕೇ ಕಣ್ಣು ಮಿಟುಕಿಸಿ ಅನ್ನುತ್ತೆ. ಎರಡು, ಈ ಮುಖಕ್ಕೂ ಆಧಾರ್‌ನಲ್ಲಿರೋ ಹಳೇ ಫೋಟೋಗೂ ಎಷ್ಟು ಹೋಲಿಕೆ ಇದೆ ಅಂತ ಲೆಕ್ಕ ಹಾಕೋದು. ‘ಇವ್ರು ಇವ್ರೇ’ ಅಂತ ಅದಕ್ಕೆ ಗೊತ್ತಾಗಲ್ಲ, ಹೋಲಿಕೆ ಇಷ್ಟಕ್ಕಿಂತ ಜಾಸ್ತಿ ಇದ್ರೆ ಪಾಸು, ಕಮ್ಮಿ ಇದ್ರೆ ಫೇಲು. ಗುಮಾಸ್ತ ಆಗಿದ್ರೆ ‘ಏನ್ ಹವಾಲ್ದಾರ್ರೇ ಸಣ್ಣ ಆಗ್ಬಿಟ್ರಿ’ ಅಂತ ಕೇಳಿ ಸೈನ್ ಹಾಕ್ಸ್ಕೊಂತಿದ್ದ, ಇದು ಯಾಕೆ ಫೇಲು ಅಂತಾನೂ ಸರಿಯಾಗಿ ಹೇಳಲ್ಲ.

ಈಗ ಮಾಡೋದು ಹೇಗೆ ನೋಡೋಣ.

ಮೊದ್ಲು ಕಾಗದ. ಫೋನ್ ಕೈಗೆತ್ಕೊಳೋಕೆ ಮುಂಚೆನೇ ಆಧಾರ್ ನಂಬರ್, ಪಿಪಿಓ (ಪಿಂಚಣಿ ಆದೇಶ ಪತ್ರ) ನಂಬರ್, ಪಿಂಚಣಿ ಬರೋ ಅಕೌಂಟ್ ನಂಬರ್ ಮೂರನ್ನೂ ಒಂದು ಚೀಟೀಲಿ ದೊಡ್ಡದಾಗಿ ಬರ್ಕೊಳಿ. ಮಿಲಿಟ್ರಿಯವ್ರು ಸ್ಪರ್ಶ್‌ಗೆ, ಅಂದ್ರೆ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ, ಬಂದಿದ್ರೆ ಟ್ರಂಕಲ್ಲಿರೋ ಹಳೇ ಪಿಪಿಓ ಅಲ್ಲ, ಸ್ಪರ್ಶ್ ಕೊಟ್ಟಿರೋ ಹೊಸ ನಂಬರ್. ಕೊನೇ ದಿನ ಯಾವುದು ಅನ್ನೋದನ್ನೂ ಪಕ್ಕದ ಮನೆಯವ್ರನ್ನ ಕೇಳ್ಬೇಡಿ, ಸ್ಪರ್ಶ್ ಲಾಗಿನ್ ಆದ್ರೆ ಮುಂದಿನ ಐಡೆಂಟಿಫಿಕೇಶನ್ (ಲೈಫ್ ಸರ್ಟಿಫಿಕೇಟಿಗೆ ಅಲ್ಲಿರೋ ಹೆಸ್ರು) ಯಾವಾಗ ಅಂತ ಅಲ್ಲೇ ತೋರ್ಸುತ್ತೆ, ನಿಮಗೆ ಅದೇ ಲೆಕ್ಕ. ಕೇಂದ್ರ ಸರ್ಕಾರದ ಬೇರೆ ಪಿಂಚಣಿಯವ್ರಿಗೆ ನವೆಂಬರ್, 80 ದಾಟಿದವ್ರಿಗೆ ಅಕ್ಟೋಬರ್ 1ರಿಂದನೇ ಕೊಡ್ಬೋದು. ತೋಟದಲ್ಲಿ ದುಡ್ದು ಪಿಎಫ್ ಪಿಂಚಣಿ ತಗೊಳೋರು ವರ್ಷದಲ್ಲಿ ಯಾವಾಗ ಬೇಕಾದ್ರೂ ಕೊಡ್ಬೋದು, ಅವತ್ತಿಂದ 12 ತಿಂಗಳು ನಡಿಯುತ್ತೆ. ಇನ್ನೊಂದು, ಪಿಂಚಣಿ ಬರ್ತಿರೋವಾಗ್ಲೇ ಮತ್ತೆ ಕೆಲ್ಸಕ್ಕೆ ಸೇರಿದವ್ರು ಅಥವಾ ಮತ್ತೆ ಮದ್ವೆ ಆದವ್ರಿಗೆ ಈ ಡಿಜಿಟಲ್ ದಾರಿ ಇಲ್ಲ, ಅವ್ರು ಹಳೇ ತರ ಕಾಗದದಲ್ಲೇ ಕೊಡ್ಬೇಕು.

ಆಮೇಲೆ ಆಪ್. ಪ್ಲೇ ಸ್ಟೋರ್‌ನಿಂದ ಎರಡು ಹಾಕ್ಕೊಬೇಕು, ಆಧಾರ್ ಫೇಸ್ ಆರ್‌ಡಿ ಒಂದು, ಜೀವನ್ ಪ್ರಮಾಣ್ ಇನ್ನೊಂದು. ಫೇಸ್ ಆರ್‌ಡಿ ಇನ್‌ಸ್ಟಾಲ್ ಆದ್ಮೇಲೆ ಸ್ಕ್ರೀನ್ ಮೇಲೆ ಐಕಾನ್ ಕಾಣಲ್ಲ, ಆಗಿಲ್ಲ ಅನ್ಕೊಂಡು ನಾನೇ ಮೂರು ಸಲ ಹಾಕಿ ತೆಗ್ದು ಮಾಡಿದೀನಿ. ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಲಿಸ್ಟಲ್ಲಿ ಇದ್ರೆ ಸಾಕು. ಮುಂದಿನ ಕ್ಯಾಮೆರಾ 5 ಮೆಗಾಪಿಕ್ಸೆಲ್ಲಾದ್ರೂ ಇರ್ಬೇಕು.

ಶುರುವಲ್ಲಿ ಆಪ್ ಆಪರೇಟರ್ ಯಾರು ಅಂತ ಕೇಳುತ್ತೆ. ಅದು ಮನೆಯವ್ರು ಯಾರಾದ್ರೂ ಆಗ್ಬೋದು, ನೀವೇ ನಿಮ್ಮ ಆಧಾರ್, ಮೊಬೈಲ್, ಇಮೇಲ್ ಹಾಕಿ ಒಟಿಪಿ ಕೊಟ್ಟು ಮುಖ ತೋರ್ಸಿ. ಇದು ಒಂದೇ ಸಲ. ಅದಾದ್ಮೇಲೆ ಅದೇ ಫೋನಲ್ಲಿ ದೊಡ್ಡಪ್ಪಂದು, ಪಕ್ಕದ ಮನೆ ಅಜ್ಜಿದು, ಎಷ್ಟು ಜನದ್ದು ಬೇಕಾದ್ರೂ ಮಾಡ್ಬೋದು. ನಮ್ಮ ಓಣೀಲಿ ಈ ಪಟ್ಟ ನಂಗೆ ಸಿಕ್ಕಿದೆ, ಸಂಬಳ ಒಂದು ಲೋಟ ಕಾಫಿ.

ಪಿಂಚಣಿದಾರರ ವಿವರ ತುಂಬೋ ಪೇಜಿಗೆ ಬಂದಾಗ ನಿಧಾನ. ಇಲ್ಲಿ ‘ಸ್ಯಾಂಕ್ಷನಿಂಗ್ ಅಥಾರಿಟಿ’ (ಪಿಂಚಣಿ ಮಂಜೂರು ಮಾಡಿದವ್ರು), ‘ಡಿಸ್ಬರ್ಸಿಂಗ್ ಅಥಾರಿಟಿ’ (ಪಿಂಚಣಿ ಕೊಡೋರು) ಅಂತ ಎರಡು ಕೇಳುತ್ತೆ, ಎಡವೋದು ಎರಡನೇದ್ರಲ್ಲಿ. ದುಡ್ಡು ಬರೋದು ಬ್ಯಾಂಕ್ ಅಕೌಂಟಿಗೆ ಅಲ್ವಾ, ಹಂಗಾಗಿ ಕೈ ತಾನಾಗೇ ಬ್ಯಾಂಕ್ ಹೆಸ್ರಿಗೆ ಹೋಗುತ್ತೆ. ಸ್ಪರ್ಶ್‌ಗೆ ಬಂದಿರೋರು ಅಲ್ಲಿ ಬ್ಯಾಂಕ್ ಹಾಕ್ಬಾರ್ದು, ‘ಸ್ಪರ್ಶ್ ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್’ ಅಂತ ಇರೋದನ್ನೇ ಆರಿಸ್ಬೇಕು, ಪಿಸಿಡಿಎ ಅಂದ್ರೆ ರಕ್ಷಣಾ ಲೆಕ್ಕಪತ್ರದ ಆಫೀಸು. ಭೂಸೇನೆಯವ್ರಾದ್ರೆ ಸ್ಯಾಂಕ್ಷನಿಂಗ್‌ನಲ್ಲೂ ಡಿಫೆನ್ಸ್, ಪಿಸಿಡಿಎ ಅಲಹಾಬಾದ್. ಹೋದ ವರ್ಷ ನಾನು ಗತ್ತಲ್ಲಿ ಐದೇ ನಿಮಿಷಕ್ಕೆ ಮುಗ್ಸಿ ಪ್ರಮಾಣ್ ಐಡಿ (ಸರ್ಟಿಫಿಕೇಟಿನ ನಂಬರ್) ಬಂತು ಅಂತ ದೊಡ್ಡಪ್ಪಂಗೆ ತೋರ್ಸಿದೆ, ಅವ್ರು ಭೇಷ್ ಅಂದ್ರು, ಎರಡು ವಾರ ಬಿಟ್ಟು ಸ್ಪರ್ಶ್‌ನಲ್ಲಿ ನೋಡಿದ್ರೆ ಐಡೆಂಟಿಫಿಕೇಶನ್ ಇನ್ನೂ ಬಾಕಿ ಅಂತಾನೇ ಇದೆ. ಬ್ಯಾಂಕ್ ಆರಿಸಿದ್ದೆ. ಮುಖ ಪಾಸು, ಅರ್ಜಿ ಬೇರೆ ಬಾಗಿಲಿಗೆ ಹೋಗಿ ಕೂತಿತ್ತು. ಪುಣ್ಯಕ್ಕೆ ಟೈಮಿತ್ತು, ಸರಿ ಮಾಡಿ ಮತ್ತೆ ಕೊಟ್ವಿ.

ಇನ್ನು ಮುಖ ತೋರ್ಸೋ ಹಂತ. ನಮ್ಮೂರಲ್ಲಿ ಬೆಳಿಗ್ಗೆ ಮಂಜು, ಮನೆ ಒಳಗೆ ಕತ್ತಲೆ, ಜಗಲೀಲಿ ಕೂತ್ರೆ ಬೆನ್ನ ಹಿಂದೆ ಬೆಳಕು. ದೊಡ್ಡಪ್ಪ ಖುರ್ಚಿ ಬಿಟ್ಟು ಏಳಲ್ಲ, ಕ್ಯಾಮೆರಾಗೆ ಮುಖ ಬರೀ ಕಪ್ಪಾಗಿ ಕಾಣ್ತಿತ್ತು, ನಾಲ್ಕು ಸಲ ಫೇಲು. ಐದನೇ ಸಲ ಖುರ್ಚೀನೇ ತಿರುಗ್ಸಿ ಅಂಗಳದ ಕಡೆ ಮುಖ ಮಾಡಿ ಕೂರ್ಸಿ, ಮಂಕಿ ಕ್ಯಾಪ್ ತೆಗ್ಸಿ, ಕನ್ನಡಕ ತೆಗ್ಸಿ ಹಿಡಿದ್ರೆ ಪಟ್ ಅಂತ ಆಯ್ತು. ಬೆಳಕು ಮುಖದ ಮೇಲೆ ಬೀಳ್ಬೇಕು, ಹಿಂದೆ ಬೇರೆಯವ್ರು ಇಣುಕ್ಬಾರ್ದು, ಫೋನ್ ಕಣ್ಣಿನ ಮಟ್ಟಕ್ಕೆ ಹಿಡೀಬೇಕು, ಮಿಟುಕಿಸಿ ಅಂದಾಗ ಕಣ್ಣು ಪೂರ್ತಿ ಮುಚ್ಚಿ ತೆಗೀಬೇಕು. ವಯಸ್ಸಾದವ್ರಿಗೆ ಸ್ಕ್ರೀನ್ ಮೇಲಿರೋದು ಓದೋಕಾಗಲ್ಲ, ಪಕ್ಕದಲ್ಲಿ ನಿಂತು ‘ಹಾಂ ಈಗ’ ಅಂತ ಹೇಳಿ. ಹೋಲಿಕೆ ನೋಡೋದು ಆಧಾರ್ ಸರ್ವರ್‌ನಲ್ಲಿ, ಅಂದ್ರೆ ನೆಟ್ ಬೇಕೇ ಬೇಕು, ಟವರ್ ಸಿಗದ ಊರಲ್ಲಿ ಗುಡ್ಡ ಹತ್ತಿಯಾದ್ರೂ ಒಂದು ಕಡ್ಡಿ ಸಿಗ್ನಲ್ ಹುಡ್ಕಿ.

ಇಷ್ಟೆಲ್ಲ ಮಾಡಿದ್ರೂ ಫೇಲ್ ಆಗ್ತಾನೇ ಇದ್ರೆ ಆಧಾರ್‌ನಲ್ಲಿರೋ ಫೋಟೋ ತುಂಬಾ ಹಳೇದಾಗಿರ್ಬೋದು, ಆಧಾರ್ ಸೆಂಟರ್‌ಗೆ ಹೋಗಿ ಹೊಸ ಫೋಟೋ ಕೊಡಿ. ಬಯೋಮೆಟ್ರಿಕ್ ಅಪ್‌ಡೇಟ್‌ಗೆ 2025ರ ಅಕ್ಟೋಬರ್‌ನಿಂದ 125 ರೂಪಾಯಿ. ಹಾಸಿಗೆ ಹಿಡಿದವ್ರಿದ್ರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡ್ಕೊಡ್ತಾರೆ, ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಈ ಸೇವೆಗೆ 70 ರೂಪಾಯಿ ಅಂತ ಇಟ್ಟಿದಾರೆ.

ಕೊನೇದು, ಜನ ಬಿಟ್ಟೇ ಬಿಡೋ ಹಂತ. ಪ್ರಮಾಣ್ ಐಡಿ ಮೆಸೇಜ್ ಬಂತು ಅಂದ್ರೆ ಸರ್ಟಿಫಿಕೇಟ್ ತಯಾರಾಯ್ತು ಅಂತ ಅರ್ಥ, ಪಿಂಚಣಿ ಕೊಡೋರು ಒಪ್ಕೊಂಡ್ರು ಅಂತ ಅಲ್ಲ. ಸ್ವಲ್ಪ ದಿನ ಬಿಟ್ಟು ಜೀವನ್ ಪ್ರಮಾಣ್ ವೆಬ್‌ಸೈಟಲ್ಲಿ ಆ ಐಡಿ ಹಾಕಿ ಸ್ಟೇಟಸ್ ನೋಡಿ. ರಿಜೆಕ್ಟ್ ಅಂತಿದ್ರೆ ವಿವರ ಸರಿ ಮಾಡಿ ಹೊಸದಾಗಿ ಕೊಡ್ಬೇಕು. ಹೋದ ವರ್ಷದ ಐಡಿ ಈ ವರ್ಷಕ್ಕೆ ನಡಿಯಲ್ಲ. ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2022ರಲ್ಲಿ ಹರಿಯಾಣದಲ್ಲಿ ನೂರು ದಾಟಿದ ಅಜ್ಜ ಒಬ್ರನ್ನ ದಾಖಲೇಲಿ ಸತ್ತವ್ರು ಅಂತ ಮಾಡಿ ಪಿಂಚಣಿ ನಿಲ್ಸಿದ್ರು, ಅವ್ರು ನೋಟಿನ ಹಾರ ಹಾಕ್ಕೊಂಡು ಬ್ಯಾಂಡ್ ಸಮೇತ ಮೆರವಣಿಗೆ ಹೊರಟು ‘ನಾನು ಬದುಕಿದೀನಿ’ ಅಂತ ತೋರ್ಸ್ಬೇಕಾಯ್ತು. ಕಂಪ್ಯೂಟರ್‌ನಲ್ಲಿ ಒಂದ್ಸಲ ತಪ್ಪು ಕೂತ್ರೆ ತೆಗ್ಸೋಕೆ ಎಷ್ಟು ಒದ್ದಾಡ್ಬೇಕು ನೋಡಿ.

ದೂರು ಕೊಡೋ ಪರಿಸ್ಥಿತಿ ಬಂದ್ರೆ ಜನರ ದೂರು ತಗೊಳೋ ಕೇಂದ್ರದ ಸಿಪಿಗ್ರಾಮ್ಸ್ ಪೋರ್ಟಲ್ ಇದೆ. ಅಲ್ಲಿ ಬರೋ ದೂರುಗಳನ್ನ ವಿಂಗಡಿಸಿ ವಿಶ್ಲೇಷಣೆ ಮಾಡೋಕೂ ಐಐಟಿ ಕಾನ್ಪುರ ಮಾಡ್ಕೊಟ್ಟಿರೋ ಎಐ ಇದೆ, 2023ರಿಂದ. ಹಂಗಾಗಿ ‘ಮಾನ್ಯರೇ ನಾನು 28 ವರ್ಷ ದೇಶಸೇವೆ ಮಾಡಿ’ ಅಂತ ಶುರು ಮಾಡೋಕಿಂತ ಮೊದಲ ಸಾಲಲ್ಲೇ ಲೈಫ್ ಸರ್ಟಿಫಿಕೇಟ್ ರಿಜೆಕ್ಟ್ ಆಗಿದೆ, ಪಿಪಿಓ ಇಷ್ಟು, ಪ್ರಮಾಣ್ ಐಡಿ ಇಷ್ಟು ಅಂತ ಬರೀರಿ, ದೇಶಸೇವೆ ಎರಡನೇ ಪ್ಯಾರಾದಲ್ಲಿ ಇರ್ಲಿ.

ಈ ಸೀಸನ್‌ನಲ್ಲಿ ‘ನಿಮ್ಮ ಪಿಂಚಣಿ ನಿಲ್ಲುತ್ತೆ, ಒಟಿಪಿ ಹೇಳಿ’ ಅಂತ ಫೋನ್ ಮಾಡೋ ಕಳ್ರೂ ಇರ್ತಾರೆ. ಪಿಂಚಣಿ ಆಫೀಸಿನವ್ರು ಫೋನಲ್ಲಿ ಒಟಿಪಿ ಕೇಳಲ್ಲ. ಯಾಮಾರಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಮ್ಮನೇಲಿ ಪ್ರಮಾಣ್ ಐಡಿನ ಕ್ಯಾಲೆಂಡರ್ ಹಿಂದೆ ಬರ್ದಿಡ್ತೀವಿ. ಈ ವರ್ಷದ್ದು ಇನ್ನೂ ಬರ್ದಿಲ್ಲ, ಖುರ್ಚಿ ಅಂಗಳದ ಕಡೆ ತಿರುಗ್ಸಿ ಇಟ್ಟಾಗಿದೆ, ಫೋನ್ ಚಾರ್ಜ್ ಆಗಿದೆ, ದೊಡ್ಡಪ್ಪ ಮಾತ್ರ ‘ದಿಲ್ಲಿಯವ್ರು ಮುಖ ನೋಡ್ತಾರಲ್ಲ’ ಅಂತ ಮೀಸೆ ಟ್ರಿಮ್ ಮಾಡೋಕೆ ಒಳಗೆ ಹೋದವ್ರು ಅರ್ಧ ಗಂಟೆಯಾದ್ರೂ ಹೊರಗೆ ಬಂದಿಲ್ಲ.