ಇಸಿಯು ಕೆಟ್ಟಿರಲಿಲ್ಲ, ವೈರು ಸವೆದಿತ್ತು

ಶಿರಾಡಿ ಘಾಟಿಯಲ್ಲಿ ಕಾರಿನ ಪಿಕಪ್ ಒಮ್ಮೆಲೇ ಹೋಯಿತು. ಚೆಕ್ ಎಂಜಿನ್ ಲೈಟ್ ಹತ್ತಿತು, ಎಸಿ ನಿಂತಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ತೆವಳುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು. ಮುಂದೆ ಒಂದು ಗುಂಡಿಗೆ ಚಕ್ರ ಇಳಿದದ್ದೇ ತಡ, ಮತ್ತೆ ಅದೇ ಕತೆ.

ಬೆಂಗಳೂರಿಗೆ ಬಂದು ಗ್ಯಾರೇಜಿಗೆ ಕೊಟ್ಟೆ. ಸ್ಕ್ಯಾನರ್ ಹಾಕಿದವರು, "ಸಾರ್, ಒಂದೇ ಸಲ ಇಷ್ಟು ಸೆನ್ಸರ್ ಎರರ್ ಬಂದಿದೆ ಅಂದ್ರೆ ಇಸಿಯು ಹೋಗಿದೆ, ಹೊಸದು ಹಾಕ್ಬೇಕು" ಅಂದರು. ಇಸಿಯು ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್. ನನಗೆ ಒಪ್ಪಿಗೆಯಾಗಲಿಲ್ಲ. ಗುಂಡಿಗೆ ಬಿದ್ದಾಗ ಕಾಣಿಸಿಕೊಳ್ಳುವ ತೊಂದರೆಗೆ ಮೊದಲು ವೈರಿಂಗ್ ನೋಡಬೇಕು. ಗಾಡಿಯನ್ನು ಮನೆಗೆ ತಂದೆ.

ನನ್ನ ಹತ್ತಿರ ಇದ್ದದ್ದು ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ (ಇಸಿಯು ಬರೆದಿಟ್ಟ ಎರರ್ ಕೋಡ್‌ಗಳನ್ನು ಓದುವ ಸಾಧನ), ಡಿಜಿಟಲ್ ಮಲ್ಟಿಮೀಟರ್ ಮತ್ತು ಆ ಮಾಡೆಲ್‌ನ ವೈರಿಂಗ್ ಡಯಾಗ್ರಾಂ. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಅಡಾಪ್ಟರ್ ಚುಚ್ಚಿ ಕೋಡ್‌ಗಳನ್ನು ಬರೆದುಕೊಂಡೆ: ಪಿ0107, ಪಿ0122, ಪಿ0532, ಪಿ0642. ಅಳಿಸುವ ಮುಂಚೆ ಬರೆದುಕೊಳ್ಳಲೇಬೇಕು. ಕೋಡ್ ಅಳಿಸಿದರೆ ಅದರ ಜೊತೆ ದಾಖಲಾದ ಫ್ರೀಜ್ ಫ್ರೇಮ್, ಅಂದರೆ ಫಾಲ್ಟ್ ಬಂದ ಕ್ಷಣದಲ್ಲಿ ಎಂಜಿನ್ ಹೇಗಿತ್ತು ಅನ್ನುವ ಮಾಹಿತಿಯೂ ಹೋಗುತ್ತದೆ.

ಮೊದಲ ಮೂರು ಕೋಡ್ ಮ್ಯಾಪ್ ಸೆನ್ಸರ್ (ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವಂಥದ್ದು), ಥ್ರಾಟಲ್ (ಆ ಗಾಳಿಯನ್ನು ಬಿಡುವ ಕವಾಟ) ಸೆನ್ಸರ್, ಎಸಿ ಪ್ರೆಶರ್ ಸೆನ್ಸರ್‌ಗೆ ಸೇರಿದವು. ಮೂರರದ್ದೂ ಒಂದೇ ದೂರು, ಸಿಗ್ನಲ್ ವೋಲ್ಟೇಜ್ ಕಡಿಮೆ. ಇಂಥ ಕೋಡ್ ಬಂತು ಅಂದರೆ ಸೆನ್ಸರೇ ಕೆಟ್ಟಿದೆ ಅಂತ ಅರ್ಥವಲ್ಲ. ಆ ವೈರಿನಲ್ಲಿ ಬರಬೇಕಾದ ವೋಲ್ಟೇಜ್ ಇಸಿಯುಗೆ ಬರುತ್ತಿಲ್ಲ, ಅಷ್ಟೇ. ಇದನ್ನು ಮರೆತು ಎಷ್ಟೋ ಜನ ಒಳ್ಳೆಯ ಸೆನ್ಸರನ್ನು ಸುಮ್ನೆ ಬಿಸಾಕುತ್ತಾರೆ. ಬೇಜಾರಾಗುತ್ತದೆ.

ನಾಲ್ಕನೆಯ ಕೋಡೇ ಮುಖ್ಯ. ಈ ಸೆನ್ಸರ್‌ಗಳಿಗೆಲ್ಲ ಇಸಿಯು ಕಳಿಸುವ 5 ವೋಲ್ಟ್ ಸಪ್ಲೈ ಕುಸಿದಿದೆ ಅಂತ ಅದು ಹೇಳುತ್ತಿತ್ತು. ಒಂದೇ ಪೈಪಿನಿಂದ ನೀರು ಬರುವ ಮೂರು ಮನೆಯಲ್ಲೂ ನೀರಿಲ್ಲ ಅಂದರೆ ಮೂರು ನಲ್ಲಿ ಒಟ್ಟಿಗೆ ಕೆಟ್ಟಿರುವುದಿಲ್ಲ, ಅಲ್ವಾ?

ಅವತ್ತು ಫಾಲ್ಟ್ ಬಿಡದೆ ಹಾಗೇ ನಿಂತಿತ್ತು, ಒಳ್ಳೆಯದೇ ಆಯಿತು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಮ್ಯಾಪ್ ಸೆನ್ಸರ್‌ಗೆ ವೈರು ಸಿಕ್ಕಿಸುವ ಪ್ಲಗ್, ಅಂದರೆ ಕಪ್ಲರ್‌ನ ಹಿಂದಿನಿಂದ ಗುಂಡುಪಿನ್ನು ತೂರಿಸಿ ಆ 5 ವೋಲ್ಟ್ ವೈರನ್ನು ಅಳೆದೆ. 0.2 ವೋಲ್ಟ್. (ಮುಂದಿನಿಂದ ಮೀಟರ್ ಕಡ್ಡಿ ತುರುಕಬೇಡಿ, ಪಿನ್ ಅಗಲವಾಗಿ ಹೊಸ ತೊಂದರೆ ಶುರುವಾಗುತ್ತದೆ. ಬಲ್ಬಿನ ಟೆಸ್ಟ್ ಲ್ಯಾಂಪನ್ನಂತೂ ಇಸಿಯು ವೈರಿಗೆ ಹಿಡಿಯಲೇಬೇಡಿ, ಅದು ಎಳೆಯುವ ಕರೆಂಟ್ ಜಾಸ್ತಿ.) ಮೂರೂ ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚಿದೆ. ಯಾವುದಾದರೂ ಸೆನ್ಸರ್ ಒಳಗೇ ಶಾರ್ಟ್ ಆಗಿದ್ದರೆ ಅದನ್ನು ಬಿಚ್ಚಿದ ಕೂಡಲೇ 5 ವೋಲ್ಟ್ ವಾಪಸ್ ಬರಬೇಕು. ಬರಲಿಲ್ಲ. ಅಂದರೆ ತಪ್ಪು ವೈರಿನಲ್ಲಿದೆ, ಇಲ್ಲವೇ ಇಸಿಯುನಲ್ಲಿದೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಸಿಯು ಕಪ್ಲರ್ ಕಳಚಿದೆ. ಈಗ ಆ 5 ವೋಲ್ಟ್ ವೈರು ಎರಡು ತುದಿಯಲ್ಲೂ ಒಂಟಿ. ಅದಕ್ಕೂ ಬಾಡಿಗೂ ಮೀಟರ್ ಹಿಡಿದೆ. ಬೀಪ್ ಅಂತ ಕೂಗಿತು! ಇಸಿಯು ಬಿಚ್ಚಿಟ್ಟ ಮೇಲೂ ವೈರು ಬಾಡಿಗೆ ತಾಗಿದೆ ಅಂದರೆ ತಪ್ಪು ವೈರಿನದೇ.

ಮಗಳ ಕೈಗೆ ಮೀಟರ್ ಕೊಟ್ಟು, "ಕೂಗು ನಿಂತ ತಕ್ಷಣ ಹೇಳು ಪುಟ್ಟಾ" ಅಂದೆ. ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಹೋದೆ. ಏರ್ ಫಿಲ್ಟರ್ ಡಬ್ಬಿ ತೆಗೆದು ಅದರ ಕೆಳಗೆ ಕೈ ಹಾಕಿ ಎತ್ತಿದಾಗ, "ನಿಂತೋಯ್ತು ಅಪ್ಪಾ" ಅಂದಳು. ಅಲ್ಲೊಂದು ಪ್ಲಾಸ್ಟಿಕ್ ಕ್ಲಿಪ್ ಮುರಿದು, ಕಟ್ಟು ಜೋತುಬಿದ್ದು, ಕಬ್ಬಿಣದ ಬ್ರಾಕೆಟ್ ಅಂಚಿಗೆ ಉಜ್ಜಿತ್ತು. ಮೇಲಿನ ಕೊಳವೆ ಸವೆದು, ಒಂದೇ ಒಂದು ವೈರಿನ ತಾಮ್ರ ಅಕ್ಕಿಕಾಳಿನಷ್ಟು ಹೊರಗೆ ಕಾಣುತ್ತಿತ್ತು. ಹಸಿರು ಕಿಲುಬು ಹಿಡಿದಿತ್ತು.

ಕಿಲುಬು ಹಿಡಿದ ಭಾಗ ಕತ್ತರಿಸಿ ಅದೇ ದಪ್ಪದ ವೈರು ಸೇರಿಸಿ ಬೆಸುಗೆ ಹಾಕಿದೆ. ಹೀಟ್ ಶ್ರಿಂಕ್ ಸ್ಲೀವ್, ಬಟ್ಟೆ ಟೇಪ್, ಹೊಸ ಕ್ಲಿಪ್. ಬ್ರಾಕೆಟ್ ಅಂಚಿಗೂ ಒಂದು ರಬ್ಬರ್ ಪಟ್ಟಿ ಹಾಕಿದೆ. ಎಲ್ಲ ಜೋಡಿಸಿ ಅಳೆದರೆ 4.98 ವೋಲ್ಟ್. ಕೋಡ್ ಅಳಿಸಿ ಲೈವ್ ಡೇಟಾ ನೋಡಿದೆ. ಎಂಜಿನ್ ನಿಂತಾಗ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಬೆಂಗಳೂರಿನ ಎತ್ತರಕ್ಕೆ ಸರಿಯಾಗಿ 91 ಕಿಲೋಪಾಸ್ಕಲ್ ತೋರಿಸಿತು.

ಮುಂದಿನ ವಾರ ಅದೇ ಘಾಟಿ ಇಳಿದು ಮಂಗಳೂರಿಗೆ ಹೋದೆ, ಅದೇ ಗುಂಡಿಗಳ ಮೇಲೆ. ಲೈಟ್ ಹತ್ತಲಿಲ್ಲ. ಕಡಲ ಹತ್ತಿರ ಗಾಡಿ ನಿಲ್ಲಿಸಿ ಇಗ್ನಿಷನ್ ಮಾತ್ರ ಆನ್ ಮಾಡಿ ನೋಡಿದೆ. 101 ಕಿಲೋಪಾಸ್ಕಲ್ ಇತ್ತು, ಸಮುದ್ರಮಟ್ಟದಲ್ಲಿ ಇರಬೇಕಾದಷ್ಟೇ.