ಚಳಿಗಾಲದಲ್ಲಿ ಬಡ್ಜಿಗಳನ್ನು ನಾನು ನೋಡಿಕೊಳ್ಳುವ ರೀತಿ

ಮಲೆನಾಡಿನಲ್ಲಿ ಜನವರಿಯ ಬೆಳಗಿನ ಜಾವ 12 ಡಿಗ್ರಿಗೆ ಇಳಿಯುವುದುಂಟು. ಅಂಗಡಿಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಬಡ್ಜಿಗಳು ಆರೋಗ್ಯವಾಗಿದ್ದರೆ ಆ ಚಳಿಯನ್ನು ತಡೆದುಕೊಳ್ಳುತ್ತವೆ. 35 ಗ್ರಾಂ ಮೈಯಲ್ಲಿ ಸುಮಾರು 41 ಡಿಗ್ರಿ ಕಾವು ಉಳಿಸಿಕೊಳ್ಳಲು ಪುಕ್ಕ ಉಬ್ಬಿಸಿ ನಡುವೆ ಗಾಳಿ ಹಿಡಿದಿಡುತ್ತವೆ, ಒಂದು ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಮಲಗುತ್ತವೆ. ಬೀಸುಗಾಳಿ ಬಿದ್ದರೆ, ಪುಕ್ಕ ಒದ್ದೆಯಾದರೆ ಆ ಕಾವು ನಿಲ್ಲುವುದಿಲ್ಲ.

ಹಾಗಾಗಿ ನನ್ನ ಮೊದಲ ಕೆಲಸ ಜಾಗ ನೋಡುವುದು. ಟಿಶ್ಯೂ ಕಾಗದದ ತೆಳುಪಟ್ಟಿಯೊಂದನ್ನು ಅಲ್ಲಿ ಇಳಿಬಿಡುತ್ತೇನೆ; ಅದು ಅಲ್ಲಾಡಿದರೆ ಪಂಜರ ಅಲ್ಲಿ ಬೇಡ. ಸಂಜೆ ಮೂರು ಬದಿಗೆ ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ, ಮುಂದಿನ ಬದಿಯಲ್ಲಿ ಕೆಳಗೆ ಒಂದು ಗೇಣು ತೆರೆದಿಡುತ್ತೇನೆ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೆ ತೇವ ಕಟ್ಟಿಕೊಳ್ಳುತ್ತದೆ, ಹಿಕ್ಕೆಯ ಘಾಟು ಉಸಿರಿಗೆ ಕೆಟ್ಟದ್ದು. ಉಣ್ಣೆ ಕಂಬಳಿಯ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ಕೂರಲು ಕಬ್ಬಿಣದ ಸರಳಿನ ಬದಲು ಹೆಬ್ಬೆರಳು ದಪ್ಪದ ಸೀಬೆ ಕೊಂಬೆ. ಲೋಹ ಪಾದದ ಬಿಸಿಯನ್ನು ಎಳೆದುಬಿಡುತ್ತದೆ.

ಹೀಟರ್ ಬೇಕಾಗುವುದು ಮರಿ, ಮುದಿ, ಕಾಯಿಲೆಯ ಹಕ್ಕಿಗಳಿಗೆ ಮಾತ್ರ. ಬೆಳಕು ಬೀರದ 60 ವ್ಯಾಟ್ ಸೆರಾಮಿಕ್ ಹೀಟರನ್ನು ಪಂಜರದ ಹೊರಗೆ, ಒಂದೇ ಬದಿಗೆ, ಬಟ್ಟೆಗೆ ತಾಗದಂತೆ ಥರ್ಮೋಸ್ಟಾಟ್ ಜೊತೆ ಇಡುತ್ತೇನೆ; ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯಲಿ. ಬಿಳಿ ಬಲ್ಬ್ ನಿದ್ದೆ ಕೆಡಿಸುತ್ತದೆ. ಕೆಂಡದ ಅಗ್ಗಿಷ್ಟಿಕೆಯನ್ನು ಆ ಕೋಣೆಗೆ ತರಲೇಬೇಡಿ. ಅದರ ಕಾರ್ಬನ್ ಮಾನಾಕ್ಸೈಡ್ ಹಕ್ಕಿಯನ್ನು ಬೇಗ ಕೊಲ್ಲುತ್ತದೆ. ನಾನ್‌ಸ್ಟಿಕ್ ಲೇಪನವಿರುವ ಹೀಟರೂ ಅಷ್ಟೇ ಅಪಾಯ.

ಹಕ್ಕಿಗೆ ದಿನಕ್ಕೆ ಎರಡು ಟೀ ಚಮಚ ಕಾಳು, ಹೆಚ್ಚಿನ ಪಾಲು ನವಣೆ. ಸಂಜೆ ಐದಕ್ಕೆ ಬಟ್ಟಲಲ್ಲಿ ಬರೀ ಹೊಟ್ಟು ಉಳಿದಿದೆಯೇ ಎಂದು ಊದಿ ನೋಡಿ ತುಂಬಿಸುತ್ತೇನೆ, ಯಾಕೆಂದರೆ ರಾತ್ರಿಯಿಡೀ ಮೈ ಕಾಯಿಸುವುದು ಆ ಕೊನೆಯ ಊಟವೇ. ಸ್ನಾನದ ಬಟ್ಟಲು ಬಿಸಿಲಿರುವ ಮಧ್ಯಾಹ್ನ ಮಾತ್ರ.

ಮೊಟ್ಟೆ ಇಡುವ ಪೆಟ್ಟಿಗೆಯನ್ನು ಡಿಸೆಂಬರ್‌ಗೆ ಮೊದಲೇ ತೆಗೆದುಬಿಡುತ್ತೇನೆ. ಚಳಿ, ಸುಣ್ಣದ (ಕ್ಯಾಲ್ಸಿಯಂ) ಕೊರತೆ ಎರಡೂ ಸೇರಿದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಹೆಣ್ಣು ತಳದಲ್ಲಿ ಉಬ್ಬಿಕೊಂಡು ಕೂತು ತಿಣುಕುತ್ತಿದ್ದರೆ 30 ಡಿಗ್ರಿ ಬೆಚ್ಚಗಿಟ್ಟು, ಅದೇ ದಿನ ವೈದ್ಯರ ಬಳಿ ಒಯ್ಯಬೇಕು. ಬಿಸಿಲು ಏರಿದ ಮೇಲೂ ಉಬ್ಬಿಕೊಂಡೇ ಇರುವ, ಉಸಿರಿಗೊಮ್ಮೆ ಬಾಲ ಅಲ್ಲಾಡಿಸುವ ಹಕ್ಕಿಯನ್ನೂ ಚಳಿ ಎಂದು ಬಿಡಬೇಡಿ. ಅಡುಗೆ ತಕ್ಕಡಿಯಲ್ಲಿ ತೂಗಿ. 35 ಗ್ರಾಂ ಇದ್ದದ್ದು 32ಕ್ಕೆ ಇಳಿದಿದ್ದರೆ ಅದು ಕಾಯಿಲೆಯ ಸೂಚನೆ.