ಎಸ್‌ಜಿಒಟಿ 52, ಪ್ಲೇಟ್‌ಲೆಟ್ 1.2 ಲಕ್ಷ

ಗೋವಾದ ವಾಸ್ಕೋದ ಬಾಯ್ನಾದಲ್ಲಿ ನನ್ನ ದವಾಖಾನೆ. ಬರುವವರಲ್ಲಿ ಹೆಚ್ಚಿನವರು ಕೊಪ್ಪಳ, ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದ ನಮ್ಮವರು. ಕುಡಿಯುವವರಿಗೆ ಲಿವರ್ ಪರೀಕ್ಷೆ ಮಾಡಿಸಿ, ಅಂಕಿಗಳು ತುಸುವೇ ಹೆಚ್ಚಿದ್ದರೆ ಬುದ್ಧಿ ಹೇಳಿ ಕಳುಹಿಸುತ್ತಿದ್ದೆ. ಕುಷ್ಟಗಿಯ ಹಮಾಲರೊಬ್ಬರನ್ನೂ ಹಾಗೆಯೇ ಕಳುಹಿಸಿದೆ. ಎಂಟು ತಿಂಗಳಿಗೆ ಅವರು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಬಂದರು.

ಆ ರಾತ್ರಿ ಅವರ ಹಳೆಯ ವರದಿಯನ್ನು ಬಿಡಿಸಿ ಕುಳಿತೆ. ವಯಸ್ಸು 48; ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳಾದ ಎಸ್‌ಜಿಒಟಿ 52, ಎಸ್‌ಜಿಪಿಟಿ 25. ಬಿಡಿಬಿಡಿಯಾಗಿ ನೋಡಿದರೆ ಹೆದರುವಂಥದ್ದೇನಿಲ್ಲ. ಆದರೆ ಮೊದಲನೆಯದು ಎರಡನೆಯದರ ಎರಡು ಪಟ್ಟನ್ನು ದಾಟಿತ್ತು. ಮದ್ಯಕ್ಕೆ ಸಿಕ್ಕಿದ ಯಕೃತ್ತಿನ ಹಳೆಯ ಗುರುತು ಅದು. ಇನ್ನೊಂದು ಹಾಳೆಯಲ್ಲಿ ಪ್ಲೇಟ್‌ಲೆಟ್ 1.2 ಲಕ್ಷ, ಕಡಿಮೆಯೇ; ಎಂಸಿವಿ, ಅಂದರೆ ಕೆಂಪು ರಕ್ತಕಣಗಳ ಸರಾಸರಿ ಗಾತ್ರ, 104, ಹೆಚ್ಚೇ. ಆ ಹಾಳೆಯಲ್ಲಿ ಹಿಮೋಗ್ಲೋಬಿನ್ ಮಾತ್ರ ನೋಡಿ ಮಡಚಿಟ್ಟಿದ್ದೆ.

ಪೆನ್ನು ತೆಗೆದುಕೊಂಡು, ಯಕೃತ್ತು ಎಷ್ಟು ನಾರುಗಟ್ಟಿರಬಹುದು (ಕಲೆಗಟ್ಟಿ ಗಡುಸಾಗಿರಬಹುದು) ಎಂದು ಅಂದಾಜಿಸುವ ಫಿಬ್-4 ಲೆಕ್ಕ ಹಾಕಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿದರೆ 2496. ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ 120. ಅದನ್ನು ಎಸ್‌ಜಿಪಿಟಿಯ ವರ್ಗಮೂಲ 5ರಿಂದ ಗುಣಿಸಿದರೆ 600. ಭಾಗಿಸಿದಾಗ ಬಂದದ್ದು 4.16. 1.3ರ ಕೆಳಗಿದ್ದರೆ ಯಕೃತ್ತು ನಾರುಗಟ್ಟಿರುವ ಸಂಭವ ಕಡಿಮೆ, 2.67 ದಾಟಿದರೆ ತಡಮಾಡದೆ ತಜ್ಞರಿಗೆ ತೋರಿಸಬೇಕು. ಎಂಟು ತಿಂಗಳು ಆ ಉತ್ತರ ನನ್ನ ಮೇಜಿನ ಮೇಲೆಯೇ ಇತ್ತು. ತಪ್ಪು ನನ್ನದೆಂದು ಅವರ ಮನೆಯವರಿಗೆ ಹೇಳಿದೆ.

ಈಗ ಕುಡಿಯುವ ಪ್ರತಿಯೊಬ್ಬರಿಗೂ ಈ ಲೆಕ್ಕ ಮಾಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಎಚ್ಚರ: ಡೆಂಗಿ ಬಂದವರಲ್ಲಿ ಪ್ಲೇಟ್‌ಲೆಟ್ ಇಳಿದು ಎಸ್‌ಜಿಒಟಿ ಏರುತ್ತದೆ, ಲೆಕ್ಕ ಸುಳ್ಳು ಹೇಳುತ್ತದೆ. ಜ್ವರ ಹೋಗಿ ಕೆಲವು ವಾರ ಕಳೆಯಲಿ ಎಂದು ಕಾಯುತ್ತೇನೆ. ಅರವತ್ತೈದು ದಾಟಿದವರಲ್ಲಿ 1.3ರ ಬದಲು 2 ಹಿಡಿಯುತ್ತೇನೆ. ಅಂಕಿ ಹೆಚ್ಚಿದ್ದವರನ್ನು ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್‌ಗೆ ಕಳುಹಿಸುತ್ತೇನೆ, ಏಕೆಂದರೆ ರಕ್ತದ ಲೆಕ್ಕ ಸಂಶಯವನ್ನಷ್ಟೇ ಹೇಳುತ್ತದೆ.

ಯಕೃತ್ತಿನ ಇನ್ನೊಂದು ಕಿಣ್ವ ಜಿಜಿಟಿಯನ್ನು ಬೇರೆ ಕೆಲಸಕ್ಕೆ, ಕುಡಿತ ಬಿಟ್ಟಿದ್ದಾರೆಯೇ ಎಂದು ನೋಡಲು, ಇಟ್ಟುಕೊಂಡಿದ್ದೇನೆ. ಫಿಟ್ಸ್ ಮಾತ್ರೆಗೂ ಬೊಜ್ಜಿಗೂ ಅದು ಏರುವುದರಿಂದ ಒಂದೇ ಸಲದ ಅಂಕಿಯನ್ನು ನಂಬುವುದಿಲ್ಲ. ಕುಡಿತ ಬಿಟ್ಟರೆ ಎರಡು ಮೂರು ವಾರಕ್ಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದಿನವೂ ಹೆಚ್ಚು ಕುಡಿಯುವವರಿಗೆ ಒಮ್ಮೆಲೇ ಬಿಡಿ ಎನ್ನುವುದಿಲ್ಲ. ನಡುಕ, ಫಿಟ್ಸ್ ಬರಬಹುದು. ಔಷಧ ಕೊಟ್ಟು ಬಿಡಿಸಬೇಕು.

ಕಳೆದ ತಿಂಗಳು ಗಾರೆ ಕೆಲಸದವರೊಬ್ಬರ ಜಿಜಿಟಿ ಐದು ವಾರದಲ್ಲಿ 210ರಿಂದ 78ಕ್ಕೆ ಬಂತು. ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟೆ. ಅವರ ಹೆಂಡತಿ ಎರಡನೆಯ ಅಂಕಿಯ ಮೇಲೆ ಬೆರಳಿಟ್ಟು, "ಇದು ಇನ್ನೂ ಎಷ್ಟಕ್ಕೆ ಇಳಿಯಬೇಕು ಸಾಹೇಬರೇ?" ಎಂದು ಕೇಳಿದರು. "ಅರವತ್ತರ ಒಳಗೆ ಬರಬೇಕು ತಾಯಿ" ಎಂದೆ.